ಹೊರಗೆ ಥಳಕು, ಒಳಗೆ ಚಟ: ಬಿಜಾಪುರದ ಚಿಲುಮೆಯಿಂದ ವೇಪ್‌ವರೆಗೆ

ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿ ಕಡೆಯ ಹಳ್ಳಿಗಳಿಂದ ಪ್ರತಿವರ್ಷ ಮಕ್ಕಳು ಓದಲಿಕ್ಕೆ ದಾವಣಗೆರೆಗೆ ಬರುತ್ತಾರೆ. ಹಾಸ್ಟೆಲ್ಲಿನಲ್ಲೋ ಬಾಡಿಗೆ ರೂಮಿನಲ್ಲೋ ಇದ್ದು ಹಬ್ಬಕ್ಕೆ ಊರಿಗೆ ಹೋಗುತ್ತಾರೆ. ಹಾಗೆ ಊರಿಗೆ ಬಂದ ಮಗನ ಬ್ಯಾಗಿನಲ್ಲಿ ಪೆನ್‌ಡ್ರೈವ್ ಥರದ, ಮಾವಿನಹಣ್ಣಿನ ವಾಸನೆ ಬರುವ ಒಂದು ಸಣ್ಣ ಸಾಮಾನು ಸಿಕ್ಕಿದರೆ, ಅದು ಏನೆಂದು ಎಷ್ಟು ಮಂದಿ ತಂದೆತಾಯಿಗೆ ಗೊತ್ತಾದೀತು?

ಅದರ ಹೆಸರು ವೇಪ್. ಕಾನೂನಿನ ಭಾಷೆಯಲ್ಲಿ ಇ-ಸಿಗರೇಟು. ನಮ್ಮ ದೇಶದಲ್ಲಿ ಅದರ ಮಾರಾಟ ನಿಷಿದ್ಧ. ಆದರೂ ಕಳ್ಳದಾರಿಯಲ್ಲಿ ಬರುತ್ತದೆ. ಬಳಸುವ ಹುಡುಗರು ಅದನ್ನು ಮೊಬೈಲ್ ಹೊಗಳಿದ ಹಾಗೆ ಹೊಗಳುತ್ತಾರೆ: ಇದರಲ್ಲಿ ಸ್ಕ್ರೀನ್ ಇದೆ, ಬಣ್ಣದ ಲೈಟ್ ಇದೆ, ಇಷ್ಟು ಸಾವಿರ ಪಫ್ ಬರುತ್ತದೆ.

ಇದರಲ್ಲಿ ಶೋಕಿ ಎಷ್ಟು, ಕೆಲಸ ಎಷ್ಟು? ಈ ಪ್ರಶ್ನೆಗೆ ನಾನೂರು ವರ್ಷದ ಇತಿಹಾಸವಿದೆ. ಅದು ಶುರುವಾಗುವುದೂ ನಮ್ಮ ಕರ್ನಾಟಕದಲ್ಲೇ.

ಲೇತ್ ಕಲಿಸಿದ ಪಾಠ

ಅದಕ್ಕೂ ಮೊದಲು ಹರಿಹರದ ಒಂದು ಮಾತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದಶಕಗಳ ಕಾಲ ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ದುಡಿದವು. ಕಾರ್ಖಾನೆ ಮುಚ್ಚಿದೆ, ಆದರೆ ಲೇತ್ ಬಲ್ಲ ಕೈಗಳು ಈ ಕಡೆ ಇನ್ನೂ ಇವೆ.

ಲೇತ್ ಬಲ್ಲವರು ಯಂತ್ರದ ಬಣ್ಣ ನೋಡಿ ತೀರ್ಮಾನ ಮಾಡುವುದಿಲ್ಲ. ಚಕ್ಕಿಗೆ ಒಂದು ಸಲಾಕೆ ಕಟ್ಟಿ ತಿರುಗಿಸಿ ಕಡಿಯುತ್ತಾರೆ. ಆಮೇಲೆ ಆ ತುದಿ ಈ ತುದಿ ಎರಡೂ ಕಡೆ ಮೈಕ್ರೋಮೀಟರ್ ಇಟ್ಟು ಅಳೆಯುತ್ತಾರೆ. ಎರಡೂ ಕಡೆ ಒಂದೇ ಅಳತೆ ಬಂದರೆ ಯಂತ್ರ ಸರಿ, ಇಲ್ಲದಿದ್ದರೆ ಬಣ್ಣ ಎಷ್ಟು ಹೊಳೆದರೂ ದಂಡ. ಯಂತ್ರ ಏನು ಮಾಡುತ್ತೇನೆಂದು ಹೇಳಿತೋ ಅದನ್ನು ಮಾಡಿತೇ? ಪರೀಕ್ಷೆ ಇಷ್ಟೇ. ಹೊಗೆ ಸೇದುವ ಸಾಧನಗಳನ್ನೂ ಇದೇ ಅಳತೆಗೆ ಹಚ್ಚಿ ನೋಡೋಣ.

ಆದಿಲ್‌ಶಾಹಿ ರಾಜಧಾನಿಯಿಂದ ಹೊರಟ ಚಿಲುಮೆ

17ನೇ ಶತಮಾನದ ಆರಂಭ. ಬಿಜಾಪುರವನ್ನು, ಅಂದರೆ ಇಂದಿನ ವಿಜಯಪುರವನ್ನು, ಎರಡನೇ ಇಬ್ರಾಹಿಂ ಆದಿಲ್‌ಶಾಹ ಆಳುತ್ತಿದ್ದ ಕಾಲ. ಅಸದ್ ಬೇಗ್ ಎಂಬ ಮೊಘಲ್ ಅಧಿಕಾರಿ ಅಕ್ಬರನ ದೂತನಾಗಿ ಅಲ್ಲಿಗೆ ಬಂದ. ಉತ್ತರದಲ್ಲಿ ತಾನು ಕಾಣದಿದ್ದ ತಂಬಾಕನ್ನು ಅವನು ಕಂಡದ್ದು ಬಿಜಾಪುರದಲ್ಲಿ. ಪೋರ್ಚುಗೀಸರು ತಂದ ಈ ಬೆಳೆ ದಖ್ಖನ್ನಿಗೆ ಆಗಲೇ ಕಾಲಿಟ್ಟಿತ್ತು.

ಅಸದ್ ಬೇಗ್ ಒಂದಿಷ್ಟು ತಂಬಾಕು ಕೊಂಡ. ಬರೀ ತಂಬಾಕನ್ನು ಬಾದಶಹನ ಮುಂದಿಡುವುದು ಹೇಗೆ? ಉದ್ದನೆಯ ಕೊಳವೆಯ ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿ ಕೆಲಸ, ಬಾಯಿಗಿಡುವ ಕಡೆ ಯೆಮನ್ ದೇಶದ ಅಕೀಕ್ ಕಲ್ಲು, ಕೆಂಡಕ್ಕೆ ಚಿನ್ನದ ಬಟ್ಟಲು. ಇದೆಲ್ಲವನ್ನೂ ಬೆಳ್ಳಿ ತಟ್ಟೆಯಲ್ಲಿ ಜೋಡಿಸಿ ಅಕ್ಬರನಿಗೆ ಒಪ್ಪಿಸಿದ. ಈ ಸಂಗತಿಯನ್ನು ಅವನೇ ಬರೆದಿಟ್ಟಿದ್ದಾನೆ.

ಅಕ್ಬರ್ ಎರಡು ಮೂರು ದಮ್ಮು ಎಳೆದ. ಆಸ್ಥಾನದ ಹಕೀಮನಿಗೆ ಆತಂಕವಾಯಿತು, ಸಾಕು ಎಂದು ತಡೆದ. ಮುಂದೆ ನಡೆದ ವಾದ ಇವತ್ತಿಗೂ ಹಳತಾಗಿಲ್ಲ. ಇದು ನಮ್ಮಲ್ಲಿ ಯಾರೂ ಪರೀಕ್ಷೆ ಮಾಡದ ವಸ್ತು, ನಮ್ಮ ಗ್ರಂಥಗಳಲ್ಲಿ ಇದರ ಮಾತಿಲ್ಲ ಎಂಬುದು ಹಕೀಮನ ವಾದ. ಬೇರೆ ದೇಶದ ಬುದ್ಧಿವಂತರು ಒಪ್ಪಿದ್ದಾರೆ, ಜಗತ್ತಿನ ಎಲ್ಲ ಪದ್ಧತಿಗಳೂ ಒಂದು ಕಾಲಕ್ಕೆ ಹೊಸವೇ ಆಗಿದ್ದವು ಎಂಬುದು ಅಸದ್ ಬೇಗನ ವಾದ. ಮಾತಿನಲ್ಲಿ ಗೆದ್ದವನು ಅಸದ್ ಬೇಗ್. ಆದರೆ ಅಕ್ಬರ್ ಮಾತ್ರ ಮತ್ತೆ ಸೇದಲಿಲ್ಲ. ಅಮೀರ ಉಮರಾವರು ಮಾತ್ರ ತಮಗೂ ಬೇಕೆಂದು ಮುಗಿಬಿದ್ದರು, ವ್ಯಾಪಾರಿಗಳು ಮಾರಲು ಶುರು ಮಾಡಿದರು. 1617ರಲ್ಲಿ ಅಕ್ಬರನ ಮಗ ಜಹಾಂಗೀರ್ ತಂಬಾಕು ನಿಷೇಧಿಸಿದ. ಅಷ್ಟರಲ್ಲಿ ಚಟ ಊರು ತುಂಬಿತ್ತು.

ಹಕೀಮ ಕೇಳಿದ್ದು ಲೇತ್ ಪರೀಕ್ಷೆಯನ್ನೇ: ಇದು ಮೈಗೆ ಏನು ಮಾಡುತ್ತದೆ? ಆ ಪ್ರಶ್ನೆಗೆ ಉತ್ತರವೇ ಬರಲಿಲ್ಲ. ಸಿಕ್ಕಿದ್ದು ಚಿನ್ನದ ಬಟ್ಟಲು, ಅಕೀಕ್ ಕಲ್ಲು.

ನೀರಿನ ಭರವಸೆ

ಆಮೇಲೆ ಬಂದದ್ದು ಹುಕ್ಕಾ, ನಮ್ಮ ಕಡೆಯ ಗುಡಗುಡಿ. ಹೊಗೆ ನೀರಿನಲ್ಲಿ ಹಾದು ಬರುವುದರಿಂದ ಶುದ್ಧವಾಗುತ್ತದೆ ಎಂಬುದು ಅದರ ಭರವಸೆ. ಬೀದರಿನ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಹುಕ್ಕಾದ ಬುರುಡೆ ಎರಕ ಹೊಯ್ದು, ಬೆಳ್ಳಿಯ ಬಳ್ಳಿ ಹೂವು ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಹಚ್ಚಿ ಕಪ್ಪು ಬಣ್ಣ ತರುತ್ತಿದ್ದರು. ಆ ಬಿದ್ರಿ ಬುರುಡೆಗಳು ಇಂದು ಲಂಡನ್ನಿನ ಮ್ಯೂಸಿಯಂನಲ್ಲೂ ಇವೆ. ಕಲೆಗೆ ಕೈ ಮುಗಿಯಲೇಬೇಕು.

ಆದರೆ ನೀರು ಏನು ಮಾಡಿತು? ಹೊಗೆಯನ್ನು ತಣ್ಣಗೆ ಮಾಡಿತು. ಗಂಟಲಿಗೆ ಉರಿ ಕಡಿಮೆಯಾದ್ದರಿಂದ ಸೇದುವವನು ಇನ್ನೂ ಆಳಕ್ಕೆ, ಇನ್ನೂ ಹೆಚ್ಚು ಹೊತ್ತು ಎಳೆದ. ವಿಷ ಮಾತ್ರ ನೀರಿನಲ್ಲಿ ಉಳಿಯಲಿಲ್ಲ. ಒಂದು ಗಂಟೆ ಹುಕ್ಕಾ ಸೇದಿದವನು ಒಂದು ಸಿಗರೇಟಿನ 100ರಿಂದ 200 ಪಟ್ಟು ಹೊಗೆ ಒಳಗೆ ತೆಗೆದುಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಎಚ್ಚರಿಸಿತು.

ಬಣ್ಣ ಬದಲಿಸುವ ಫಿಲ್ಟರ್

1950ರ ದಶಕದಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಲೋಕಕ್ಕೆ ಗೊತ್ತಾಯಿತು. ಆಗ ಕಂಪನಿಗಳು ಮುಂದಿಟ್ಟದ್ದು ಫಿಲ್ಟರ್. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಮರದ ತಿರುಳಿನಿಂದ ಬಟ್ಟೆಯ ನಾರು ಮಾಡುವುದನ್ನು ಹರಿಹರದವರು ಬಲ್ಲರು. ಸಿಗರೇಟಿನ ಫಿಲ್ಟರೂ ಮರದ ತಿರುಳಿನಿಂದ ಬರುವ ಇನ್ನೊಂದು ಬಗೆಯ ನಾರೇ.

1953ರಲ್ಲಿ ಅಮೆರಿಕದ ಆರ್.ಜೆ. ರೆನಾಲ್ಡ್ಸ್ ಕಂಪನಿಯ ವಿಜ್ಞಾನಿ ಕ್ಲಾಡ್ ಟೀಗ್ ಒಂದು ಉಪಾಯ ಹೇಳಿದ. ಹೊಗೆ ತಾಗಿದಾಗ ಫಿಲ್ಟರ್ ಬಿಳಿಯಿಂದ ಕಂದು ಬಣ್ಣಕ್ಕೆ ತಿರುಗುವಂತೆ ಮಾಡಬೇಕು. ಇದರಿಂದ ಫಿಲ್ಟರಿನ ಶಕ್ತಿಯೇನೂ ಹೆಚ್ಚುವುದಿಲ್ಲ, ಆದರೆ ಮಾರಾಟಕ್ಕೆ ಅನುಕೂಲ ಎಂಬುದು ಅವನ ಲೆಕ್ಕ. ಸೇದುವವನು ಕಂದು ತುದಿ ನೋಡಿ, ಕೊಳೆಯೆಲ್ಲ ಇಲ್ಲೇ ನಿಂತಿತು ಎಂದುಕೊಳ್ಳಬೇಕು. ಕಂಪನಿಯ ಒಳಗಿನ ಈ ಕಾಗದ ಎಷ್ಟೋ ವರ್ಷದ ಮೇಲೆ ಹೊರಬಿತ್ತು. ಗಿಮಿಕ್ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕೆಂಟ್ ಎಂಬ ಸಿಗರೇಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1952ರಿಂದ 1956ರವರೆಗೆ ಅದರ ಫಿಲ್ಟರಿನಲ್ಲಿ ನೀಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇತ್ತು. ಕ್ಯಾನ್ಸರ್ ತಡೆಯುವ ಹೆಸರಿನಲ್ಲಿ ಬಂದ ಫಿಲ್ಟರೇ ಕ್ಯಾನ್ಸರಿಗೆ ಕಾರಣವಾಗುವ ವಸ್ತುವಿನದು.

ಆಮೇಲೆ ಲೈಟ್ ಸಿಗರೇಟು. ಫಿಲ್ಟರಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಅಳತೆ ಯಂತ್ರಕ್ಕೆ ಸಿಕ್ಕಿಸಿದಾಗ ತೂತಿನಿಂದ ಗಾಳಿ ಸೇರಿ ಟಾರ್ ಕಡಿಮೆ ತೋರಿಸುತ್ತಿತ್ತು. ಆದರೆ ಯಂತ್ರಕ್ಕೆ ಬೆರಳಿಲ್ಲ, ತುಟಿಯಿಲ್ಲ, ಚಟವೂ ಇಲ್ಲ. ಮನುಷ್ಯ ಸೇದುವಾಗ ತೂತುಗಳು ಬೆರಳಿಗೂ ತುಟಿಗೂ ಮುಚ್ಚಿಹೋದವು. ನಿಕೋಟಿನ್ ಸಾಲದೆ ಅವನು ಇನ್ನೂ ಜೋರಾಗಿ ಎಳೆದ. 2006ರಲ್ಲಿ ಅಮೆರಿಕದ ನ್ಯಾಯಾಲಯವೊಂದು, ಕಂಪನಿಗಳು ಲೈಟ್ ಎಂಬ ಹೆಸರಿನಿಂದ ಜನರಿಗೆ ಮೋಸ ಮಾಡಿವೆ ಎಂದು ತೀರ್ಪು ಕೊಟ್ಟಿತು.

ಶೋಕಿ ಇಲ್ಲದ್ದೆಲ್ಲ ಒಳ್ಳೆಯದೇನೂ ಅಲ್ಲ. ನಮ್ಮ ಬೀಡಿ ನೋಡಿ. ದಾವಣಗೆರೆ, ಹರಿಹರದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟಿ ಸಂಸಾರ ತೂಗಿಸಿದ್ದಾರೆ. ಒಂದು ಎಲೆ, ಚಿಟಿಕೆ ಪುಡಿ, ಒಂದು ದಾರ. ಇದರಲ್ಲಿ ಗಿಮಿಕ್ ಏನೂ ಇಲ್ಲ. ಆದರೆ ಆ ಎಲೆಯ ಒಳಗೆ ಗಾಳಿ ಸುಲಭವಾಗಿ ಆಡುವುದಿಲ್ಲ, ಬೀಡಿ ಆರದಿರಲು ಮೇಲಿಂದ ಮೇಲೆ ಎಳೆಯಬೇಕು. ಹಾಗಾಗಿ ಬೀಡಿ ಸಿಗರೇಟಿಗಿಂತ ಸೌಮ್ಯ ಎಂಬುದೂ ಸುಳ್ಳು.

ವೇಪ್ ಬಂದ ದಾರಿ

ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬಾತ 1963ರಲ್ಲೇ ಹೊಗೆಯಿಲ್ಲದ ಸಿಗರೇಟಿನ ಪೇಟೆಂಟಿಗೆ ಅರ್ಜಿ ಹಾಕಿದ್ದ. ಅದು ಮಾರುಕಟ್ಟೆಗೆ ಬರಲಿಲ್ಲ. ಈಗಿನ ಇ-ಸಿಗರೇಟು ಚೀನಾದ ಔಷಧ ತಜ್ಞ ಹೋನ್ ಲಿಕ್ 2003ರ ಸುಮಾರಿಗೆ ಮಾಡಿದ್ದು. ಅವನೂ ವಿಪರೀತ ಸೇದುತ್ತಿದ್ದವನು, ತಂದೆಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ಉದ್ದೇಶ ಕೆಟ್ಟದ್ದಾಗಿರಲಿಲ್ಲ.

ಒಳಗಿನ ಕೆಲಸ ಸರಳ. ಒಂದು ಬ್ಯಾಟರಿ, ನೀರು ಕಾಯಿಸುವ ಕಾಯಿಲ್ಲಿನಂಥ ಸಣ್ಣ ತಂತಿ ಸುರುಳಿ, ಅದಕ್ಕೆ ತಾಗಿದ ಹತ್ತಿ, ಹತ್ತಿ ಹೀರುವ ದ್ರವ. ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ವಾಸನೆಯ ರಾಸಾಯನಿಕ, ನಿಕೋಟಿನ್. ಸುರುಳಿ ಕಾದಾಗ ದ್ರವ ಆವಿಯಾಗುತ್ತದೆ. ಹತ್ತಿ ಒಣಗಿದಾಗ ಸುಟ್ಟ ರುಚಿ ಬರುತ್ತದೆ, ಹೆಚ್ಚು ಕಾದರೆ ಫಾರ್ಮಾಲ್ಡಿಹೈಡ್‌ನಂಥ ವಿಷವೂ ಹುಟ್ಟುತ್ತದೆ.

ಇಲ್ಲಿ ನಿಜವಾದ ಕೆಲಸದ ಭಾಗವೂ ಇದೆ. ಶಾಖ ಮಿತಿ ಮೀರದಂತೆ ತಡೆಯುವ ವ್ಯವಸ್ಥೆ, ಶಾರ್ಟ್ ಆದರೆ ಕರೆಂಟ್ ನಿಲ್ಲಿಸುವ ವ್ಯವಸ್ಥೆ, ಸೋರದ ಟ್ಯಾಂಕು. ಇವು ಹೊರಗೆ ಕಾಣುವುದಿಲ್ಲ. ಹೊರಗೆ ಕಾಣುವುದು ಲೈಟು, ಸ್ಕ್ರೀನು, ಸ್ಕ್ರೀನಿನ ಮೇಲೆ ಆಟ. ಪಫ್ ಲೆಕ್ಕವೂ ಅಷ್ಟೇ. ಒಂದು ಪಫ್ ಎಂದರೆ ಎಷ್ಟು ಎಂಬುದು ಎಳೆಯುವವನ ಮೇಲೆ ಹೋಗುತ್ತದೆ. ಕಳ್ಳಮಾಲಿನ ಡಬ್ಬಿಯ ಮೇಲೆ ಬರೆದ ಸಂಖ್ಯೆಯನ್ನು ಪರೀಕ್ಷಿಸುವವರು ಯಾರು? ಆ ಸ್ಕ್ರೀನು ಬ್ಯಾಟರಿ ಎಷ್ಟಿದೆ ಎಂದು ತೋರಿಸುತ್ತದೆ. ಮೈಗೆ ನಿಕೋಟಿನ್ ಎಷ್ಟು ಸೇರಿತು ಎಂಬುದನ್ನು ಮಾತ್ರ ತೋರಿಸುವುದಿಲ್ಲ.

ಈ ಸಾಧನದ ಅಸಲಿ ಸುಧಾರಣೆ ಇನ್ನೊಂದು ಕಡೆ ಆಯಿತು. ಮೊದಲಿನ ದ್ರವದಲ್ಲಿ ನಿಕೋಟಿನ್ ಜಾಸ್ತಿಯಾದರೆ ಗಂಟಲು ಉರಿಯುತ್ತಿತ್ತು. 2015ರಲ್ಲಿ ಬಂದ ಜೂಲ್ ಎಂಬ ವೇಪ್, ನಿಕೋಟಿನ್ನಿಗೆ ಬೆಂಜೋಯಿಕ್ ಆಮ್ಲ ಬೆರೆಸಿ ಆ ಉರಿ ಇಳಿಸಿತು. ಹುಕ್ಕಾದ ನೀರು ಮಾಡಿದ ಕೆಲಸವನ್ನೇ ಇಲ್ಲಿ ಆಮ್ಲ ಮಾಡಿತು. 2019ರಲ್ಲಿ ಅಮೆರಿಕದ ಹೈಸ್ಕೂಲು ಮಕ್ಕಳಲ್ಲಿ ಶೇ 27.5ರಷ್ಟು ಮಂದಿ ಇ-ಸಿಗರೇಟು ಬಳಸುತ್ತಿದ್ದರು. ಲೇತ್ ಪರೀಕ್ಷೆಯಲ್ಲಿ ಈ ಯಂತ್ರ ಪಾಸು: ನಿಕೋಟಿನ್ ತಲುಪಿಸುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಹೊಸದಾಗಿ ಶುರು ಮಾಡುವ ಹುಡುಗನಿಗೆ ಅಪಾಯ ಇರುವುದೂ ಅದರಲ್ಲೇ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ವರ್ಷಗಟ್ಟಲೆ ಸೇದಿದವನು ಸಿಗರೇಟು ಪೂರ್ತಿ ಬಿಟ್ಟು ವೇಪಿಗೆ ಬದಲಾದರೆ ಅವನಿಗೆ ಆಗುವ ಹಾನಿ ಕಡಿಮೆ ಎಂದು ಇಂಗ್ಲೆಂಡಿನ ಆರೋಗ್ಯ ಇಲಾಖೆ ನಂಬಿದೆ, ಬಿಡಿಸಲು ಅದನ್ನು ಕೊಡುತ್ತದೆ ಕೂಡ. ಅದೇ ದೇಶ 2025ರ ಜೂನ್ 1ರಿಂದ ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ನಿಲ್ಲಿಸಿತು. ಹಾಗಾಗಿ ಸೇದುವುದನ್ನು ಬಿಡಲು ಹೊರಟ ಐವತ್ತರ ಮನುಷ್ಯನ ಲೆಕ್ಕ ಬೇರೆ, ಎಂದೂ ಸೇದದ ಹದಿನೇಳರ ಹುಡುಗನ ಲೆಕ್ಕ ಬೇರೆ. ಬಣ್ಣದ ಲೈಟು, ಮಾವಿನ ವಾಸನೆ, ಸ್ಕ್ರೀನಿನ ಆಟ ಇವರಿಬ್ಬರಲ್ಲಿ ಯಾರನ್ನು ಕರೆಯುತ್ತಿವೆ ಎಂದು ನೀವೇ ಯೋಚಿಸಿ.

ಕಾನೂನು ಏನು ಹೇಳುತ್ತದೆ?

ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದಿತು, ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟವರಿಗೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಗೆಳೆಯನ ಮಾತಿಗೆ ಒಂದು ಡಬ್ಬಿ ತರಿಸಿ ನಾಲ್ಕು ಜನಕ್ಕೆ ಮಾರುವ ವಿದ್ಯಾರ್ಥಿಯೂ ಈ ಕಾನೂನಿನ ಕಣ್ಣಿಗೆ ವ್ಯಾಪಾರಿಯೇ. ಹುಕ್ಕಾ ಬಾರ್‌ಗಳನ್ನೂ ರಾಜ್ಯ ಸರ್ಕಾರ 2024ರಲ್ಲಿ ನಿಷೇಧಿಸಿದೆ.

ತಂದೆತಾಯಿಗೆ ಗುರುತು: ಪೆನ್‌ಡ್ರೈವ್, ಹೈಲೈಟರ್ ಪೆನ್ನು, ಲಿಪ್‌ಸ್ಟಿಕ್ ಆಕಾರ, ಒಂದು ತುದಿಯಲ್ಲಿ ಬಾಯಿಗಿಡುವ ರಂಧ್ರ, ಕೆಲವಕ್ಕೆ ಚಾರ್ಜಿಂಗ್ ಪಿನ್ನಿನ ಜಾಗ, ಹಣ್ಣಿನ ಅಥವಾ ಪುದೀನದ ವಾಸನೆ. ಸಣ್ಣ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಆ ದ್ರವ ಹೊಟ್ಟೆಗೆ ಹೋದರೆ ವಿಷ. ಒಲೆಗೆ ಎಸೆಯಬೇಡಿ, ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ, ಸಿಡಿಯಬಹುದು. ಮಗನನ್ನು ಹೊಡೆದು ಬೈದರೆ ಚಟ ಬಿಡುವುದಿಲ್ಲ. ತಂಬಾಕು ಬಿಡಲು ನೆರವು ಕೊಡುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356. ಬೀಡಿ, ಸಿಗರೇಟು, ಗುಟ್ಕಾ ಬಿಡಬೇಕೆನ್ನುವ ದೊಡ್ಡವರಿಗೂ ಅದೇ ನಂಬರು.

ಚಿನ್ನದ ಬಟ್ಟಲು, ಬಿದ್ರಿ ಬುರುಡೆ, ಕಂದು ಫಿಲ್ಟರ್, ಸಣ್ಣ ತೂತು, ಬಣ್ಣದ ಸ್ಕ್ರೀನು. ನಾನೂರು ವರ್ಷದಲ್ಲಿ ಹೊರಗಿನ ಥಳಕು ಬದಲಾಗುತ್ತಲೇ ಬಂತು. ಒಳಗೆ ನಡೆಯುವ ಕೆಲಸ ಒಂದೇ, ನಿಕೋಟಿನ್ ತಲುಪಿಸುವುದು. ಮುಂದೆ ಇನ್ನೊಂದು ಹೊಸ ರೂಪ ಬರುತ್ತದೆ, ಅನುಮಾನವಿಲ್ಲ. ಬಂದಾಗ ಅದರ ಲೈಟು ನೋಡುವ ಮೊದಲು ಆ ಹಕೀಮನ ಪ್ರಶ್ನೆ ಕೇಳಿ: ಇದು ಮೈಗೆ ಏನು ಮಾಡುತ್ತದೆ?