ಕಡಲತೀರದ ಹಳೆಯ ಪಟಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳೆಂಬ ನಮ್ಮ ಸೀಮೆಗೆ ಸಮುದ್ರವಿಲ್ಲ. ಆದರೂ ನಮ್ಮ ಹಳೆಯ ಮನೆಗಳ ಮೇಲಣ ಮಂಗಳೂರು ಹೆಂಚಿನ ಹೆಸರು ಕಡಲತೀರದ್ದು. ಆ ತೀರದ ಹಳೆಯ ಛಾಯಾಚಿತ್ರಗಳ ಪ್ರದರ್ಶನವೊಂದನ್ನು ಇಲ್ಲಿನ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಬೇಕೆಂದು ಮಿತ್ರರು ಯೋಚಿಸಿ, ಪಟಗಳ ಕೆಳಗಣ ಬರಹವನ್ನು ನನಗೆ ವಹಿಸಿದ್ದಾರೆ. ಈ ಕಾರ್ಯದಲ್ಲಿ ನನಗೆ ತೋರಿದ ಒಂದೆರಡು ವಿಚಾರಗಳನ್ನು ವಾಚಕ ಮಹಾಶಯರ ಮುಂದಿಡುವೆನು.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅವರು ತೆಗೆದ ಮತ್ತು ಸಂಗ್ರಹಿಸಿದ ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿ ಸುರಕ್ಷಿತವಾಗಿವೆ. ಅವುಗಳ ಪ್ರತಿಗಳನ್ನು ಇಂದು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು.

ಹಳೆಯ ಪಟವನ್ನು ಓದುವವನು ಅದು ಹುಟ್ಟಿದ ಬಗೆಯನ್ನು ಮೊದಲು ತಿಳಿಯತಕ್ಕುದು. 1851ರಲ್ಲಿ ಆರ್ಚರ್ ಎಂಬ ಆಂಗ್ಲೇಯನು ಪ್ರಕಟಿಸಿದ ಕ್ರಮದಂತೆ, ಗಾಜಿನ ಫಲಕಕ್ಕೆ ರಾಸಾಯನಿಕ ದ್ರವ್ಯವನ್ನು ಲೇಪಿಸಿ, ಅದು ಆರುವುದರೊಳಗಾಗಿ ಚಿತ್ರವನ್ನು ತೆಗೆದು ಕತ್ತಲೆಯಲ್ಲಿ ತೊಳೆಯಬೇಕಾಗಿತ್ತು. ಫಲಕದ ಮೇಲೆ ಸಾಮಾನ್ಯವಾಗಿ ಕೆಲವು ಸೆಕೆಂಡುಗಳ ಕಾಲ ಬೆಳಕು ಬೀಳಬೇಕು. ಅಷ್ಟರಲ್ಲಿ ಚಲಿಸಿದುದೆಲ್ಲ ಮಸುಕಾಗುವುದು. ಆದುದರಿಂದಲೇ ಅಂತಹ ಪಟಗಳಲ್ಲಿ ತೆರೆಗಳು ಮಂಜಿನಂತೆ ಕಾಣುತ್ತವೆ. ಕೈಕಟ್ಟಿ ನಿಂತವನು ಸ್ಪಷ್ಟನಾಗಿ ಉಳಿಯುತ್ತಾನೆ. ಬಲೆಯೆಳೆಯುವವನೂ ಹುಟ್ಟುಹಾಕುವವನೂ ನೆರಳಾಗುತ್ತಾರೆ. 1880ರ ದಶಕದಲ್ಲಿ ಒಣ ಫಲಕಗಳು ಬಳಕೆಗೆ ಬಂದಮೇಲೆ ಈ ತೊಡಕು ಬಹುಮಟ್ಟಿಗೆ ತಪ್ಪಿತು. ಇದನ್ನು ಹೇಳದೆ ಪಟವನ್ನು ತೂಗುಹಾಕಿದರೆ, ಆ ಕಾಲದ ತೀರದಲ್ಲಿ ದುಡಿಯುವವರೇ ಇರಲಿಲ್ಲವೆಂದು ಬಾಲಕರು ಭ್ರಮಿಸಿಯಾರು.

ಇನ್ನೊಂದು ಮರೆವು ಯಂತ್ರದ್ದಲ್ಲ, ಮನುಷ್ಯರದು. ಅದಕ್ಕೆ ನಮ್ಮ ಸೀಮೆಯಲ್ಲಿಯೇ ನಿದರ್ಶನವಿದೆ. ಕಾರ್ನ್‌ವಾಲಿಸನ ಸೈನ್ಯವು ಮಾಗಡಿಯ ಬಳಿಯ ಸಾವನದುರ್ಗವನ್ನು 1791ನೆಯ ಡಿಸೆಂಬರ್ 21ರಂದು ಹಿಡಿಯಿತು. ಆ ಸೈನ್ಯದೊಡನಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು 1794ರಲ್ಲಿ ಮೈಸೂರು ಸೀಮೆಯ ದೃಶ್ಯಗಳ ಪುಸ್ತಕವನ್ನು ಪ್ರಕಟಿಸಿದನು. ದಂಡನಾಯಕನ ಹೆಸರು ಉಳಿಯಿತು, ಚಿತ್ರಕಾರನ ಹೆಸರೂ ಉಳಿಯಿತು. ಕಾಡು ಕಡಿದು ಫಿರಂಗಿಗಳಿಗೆ ದಾರಿ ಮಾಡಿದವರ ಹೆಸರನ್ನು ನಾವು ಅರಿಯೆವು. ಆ ಕಾಲದ ಛಾಯಾಚಿತ್ರಗಳಲ್ಲಿಯೂ ಹೀಗೆಯೇ: ಅನೇಕ ಕಡೆ ಪಾದ್ರಿಯ ಹೆಸರಿದೆ, ಪಕ್ಕದಲ್ಲಿ ನಿಂತ ಕೆಲಸಗಾರನದಿಲ್ಲ.

ಹಾಗಾದರೆ ಅಂಥವರ ಕೆಳಗೆ ಏನೆಂದು ಬರೆಯುವುದು? ‘ಕೂಲಿಗಳು’ ಎಂದು ಬರೆಯಲು ನನ್ನ ಲೇಖನಿ ಏಳಲಿಲ್ಲ. ಊಹೆಯಿಂದ ಹೆಸರಿಡುವುದು ಅಸತ್ಯ. ಆದುದರಿಂದ ಪಟದಲ್ಲಿ ಕಾಣುವ ಅವರ ಕೆಲಸವನ್ನು ಬರೆದು, ಹೆಸರಿಗೆಂದು ಒಂದು ಸಾಲನ್ನು ಬರಿದಾಗಿ ಬಿಟ್ಟಿದ್ದೇನೆ. ಕಡಲ ಸೀಮೆಯಿಂದ ಬಂದವರು ಯಾರಾದರೂ ತಮ್ಮ ಅಜ್ಜನನ್ನು ಗುರುತಿಸಿದರೆ ಆ ಸಾಲನ್ನು ತುಂಬಲಿ. ಅಲ್ಲಿಯವರೆಗೆ ಅದು ಬರಿದಾಗಿಯೇ ಇರತಕ್ಕುದು.