ರೂಬಿಯಲ್ಲಿ ಓಡುತ್ತಲೇ ಹುಟ್ಟುವ ಮೆಥಡ್‌ಗಳು

ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ಬಿಡುಗಡೆ ಮಾಡಿದ ರೂಬಿ ಭಾಷೆಯಲ್ಲಿ ಕ್ಲಾಸ್ ಕೂಡ ಒಂದು ಆಬ್ಜೆಕ್ಟೇ. ಪ್ರೋಗ್ರಾಮ್ ಓಡುತ್ತಿರುವಾಗಲೇ ಅದನ್ನು ಮತ್ತೆ ತೆರೆದು ಹೊಸ ಮೆಥಡ್ ಸೇರಿಸಬಹುದು, ಇರುವುದನ್ನು ಬದಲಿಸಬಹುದು, ತೆಗೆದೂ ಹಾಕಬಹುದು.

ಒಂದೇ ಆಬ್ಜೆಕ್ಟಿನ ಮೆಥಡ್

ಒಂದೇ ಕ್ಲಾಸಿನ ನೂರು ಆಬ್ಜೆಕ್ಟುಗಳಲ್ಲಿ ಒಂದಕ್ಕೆ ಮಾತ್ರ ಮೆಥಡ್ ಬೇಕೆಂದರೆ 'ಡಿಫೈನ್_ಸಿಂಗಲ್‌ಟನ್_ಮೆಥಡ್' ಇದೆ. ಹೀಗೆ ಕೊಟ್ಟ ಮೆಥಡ್ ಆ ಆಬ್ಜೆಕ್ಟಿನ ಬೆನ್ನಿಗಿರುವ ಸಿಂಗಲ್‌ಟನ್ ಕ್ಲಾಸಿನಲ್ಲಿ ಕೂರುತ್ತದೆ. ಮೆಥಡ್ ಕರೆದಾಗ ರೂಬಿ ಮೊದಲು ಹುಡುಕುವುದು ಅಲ್ಲೇ. ಮಾಮೂಲಿ ಕ್ಲಾಸ್, ಅದರ ಮಾಡ್ಯೂಲ್‌ಗಳು, ಮೇಲಿನ ಕ್ಲಾಸ್‌ಗಳು ಆಮೇಲೆ. ನಾವು 'ಕ್ಲಾಸ್ ಮೆಥಡ್' ಎನ್ನುವುದೂ ಕ್ಲಾಸ್ ಎಂಬ ಆಬ್ಜೆಕ್ಟಿನ ಸಿಂಗಲ್‌ಟನ್ ಮೆಥಡ್ಡೇ. ಆದರೆ ಪೂರ್ಣಾಂಕ, ಸಿಂಬಲ್‌ಗಳಿಗೆ ಹೀಗೆ ಸೇರಿಸಲು ಬರುವುದಿಲ್ಲ.

ಡಿಫೈನ್_ಮೆಥಡ್

ಅಂಗಡಿಯ ಆರ್ಡರ್ ಒಂದಕ್ಕೆ 'ಬಾಕಿ', 'ಪಾವತಿ', 'ರವಾನೆ' ಎಂಬ ಮೂರು ಸ್ಥಿತಿಗಳಿವೆ ಎನ್ನಿ. 'ಬಾಕಿಯೇ?', 'ಪಾವತಿಯೇ?', 'ರವಾನೆಯೇ?' ಎಂದು ಕೇಳುವ ಮೂರು ಮೆಥಡ್‌ಗಳನ್ನು ಕೈಯಿಂದ ಬರೆಯುವ ಬದಲು, ಸ್ಥಿತಿಗಳ ಪಟ್ಟಿಯ ಮೇಲೆ ಲೂಪ್ ಓಡಿಸಿ ಪ್ರತಿ ಹೆಸರಿಗೂ 'ಡಿಫೈನ್_ಮೆಥಡ್' ಕರೆದರೆ ಸಾಕು. ನಾಳೆ 'ರದ್ದು' ಸೇರಿದರೆ ಪಟ್ಟಿಗೆ ಒಂದು ಪದ ಹಾಕಿದರಾಯಿತು.

ಇಲ್ಲೊಂದು ಸೂಕ್ಷ್ಮವಿದೆ. 'ಡೆಫ್' ಬಳಸಿ ಬರೆದ ಮೆಥಡ್ಡಿಗೆ ಹೊರಗಿನ ಲೋಕಲ್ ವೇರಿಯಬಲ್‌ಗಳು ಕಾಣುವುದಿಲ್ಲ. 'ಡಿಫೈನ್_ಮೆಥಡ್' ತೆಗೆದುಕೊಳ್ಳುವುದು ಬ್ಲಾಕ್ ಆದ್ದರಿಂದ ಸುತ್ತಲಿನ ವೇರಿಯಬಲ್‌ಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಲೂಪಿನ ಪ್ರತಿ ಸುತ್ತಿನ ಸ್ಥಿತಿಯೂ ಅದರದೇ ಮೆಥಡ್ಡಿನಲ್ಲಿ ಉಳಿಯುವುದು ಹೀಗೆ.

ಮೆಥಡ್_ಮಿಸ್ಸಿಂಗ್

ಎಲ್ಲಿ ಹುಡುಕಿದರೂ ಮೆಥಡ್ ಸಿಗದಿದ್ದಾಗ ರೂಬಿ 'ಮೆಥಡ್_ಮಿಸ್ಸಿಂಗ್' ಅನ್ನು ಕರೆಯುತ್ತದೆ. ಸ್ಮಾಲ್‌ಟಾಕ್ ಭಾಷೆಯಲ್ಲೂ ಇಂಥದೇ ವ್ಯವಸ್ಥೆಯಿದೆ. ಇದನ್ನು ನಾವೇ ಬರೆದುಕೊಂಡರೆ ಇಲ್ಲದ ಹೆಸರಿಗೂ ಉತ್ತರ ಕೊಡಿಸಬಹುದು. ಆದರೆ ಹೆಸರುಗಳು ಮುಂಚೆಯೇ ಗೊತ್ತಿದ್ದರೆ 'ಡಿಫೈನ್_ಮೆಥಡ್' ಬಳಸುವುದೇ ಮೇಲು. ಅದು ಹುಟ್ಟಿಸುವುದು ನಿಜವಾದ ಮೆಥಡ್: ಆಬ್ಜೆಕ್ಟಿನ ಮೆಥಡ್ ಪಟ್ಟಿಯಲ್ಲಿ ಕಾಣುತ್ತದೆ, 'ರೆಸ್ಪಾಂಡ್_ಟು' ಎಂದು ಕೇಳಿದರೆ ಹೌದು ಎನ್ನುತ್ತದೆ. 'ಮೆಥಡ್_ಮಿಸ್ಸಿಂಗ್' ಬರೆದವರು ಜೊತೆಗೆ 'ರೆಸ್ಪಾಂಡ್_ಟು_ಮಿಸ್ಸಿಂಗ್' ಕೂಡ ಬರೆಯಬೇಕು. ತಮಗೆ ಸಂಬಂಧಿಸದ ಹೆಸರುಗಳನ್ನು 'ಸೂಪರ್' ಮೂಲಕ ಮೇಲಕ್ಕೆ ದಾಟಿಸಬೇಕು. ಇದನ್ನು ಮರೆತರೆ ಅಕ್ಷರ ತಪ್ಪಿ ಟೈಪ್ ಮಾಡಿದ ಹೆಸರೂ ಎರರ್ ಕೊಡದೆ ನುಸುಳಿಹೋಗಿ, ದೋಷ ಬೇರೆಲ್ಲೋ ತಲೆ ಎತ್ತುತ್ತದೆ.

ರೈಲ್ಸ್‌ನಲ್ಲಿ

2004ರಲ್ಲಿ ಬಂದ ರೈಲ್ಸ್ ಎಂಬ ರೂಬಿ ವೆಬ್ ಫ್ರೇಮ್‌ವರ್ಕ್, ಓಡುತ್ತಲೇ ಮೆಥಡ್ ಹುಟ್ಟಿಸುವ ಈ ಗುಣವನ್ನು ತುಂಬ ನೆಚ್ಚಿಕೊಂಡಿದೆ. ಡೇಟಾಬೇಸ್ ಟೇಬಲ್ಲಿನಲ್ಲಿ 'ಇಮೇಲ್' ಕಾಲಂ ಇದ್ದರೆ, ರೈಲ್ಸ್‌ನ ಡೇಟಾಬೇಸ್ ಭಾಗವಾದ ಆ್ಯಕ್ಟಿವ್ ರೆಕಾರ್ಡ್ ಅದನ್ನು ನೋಡಿಕೊಂಡು ಓದುವ, ಬರೆಯುವ ಮೆಥಡ್‌ಗಳನ್ನು ತಾನೇ ತಯಾರಿಸುತ್ತದೆ.

ತೆರೆದ ಕ್ಲಾಸಿನ ಅಪಾಯ

'ಸ್ಟ್ರಿಂಗ್'ನಂಥ ಮೂಲ ಕ್ಲಾಸಿಗೆ ಎರಡು ಲೈಬ್ರರಿಗಳು ಒಂದೇ ಹೆಸರಿನ ಮೆಥಡ್ ಸೇರಿಸಿದರೆ ಕೊನೆಗೆ ಲೋಡ್ ಆದದ್ದು ಉಳಿಯುತ್ತದೆ, ಮೊದಲಿನದು ಸದ್ದಿಲ್ಲದೆ ಅಳಿಯುತ್ತದೆ. ಇದಕ್ಕೆಂದೇ 2013ರ ರೂಬಿ 2.0ರಲ್ಲಿ ಪ್ರಯೋಗವಾಗಿ 'ರಿಫೈನ್‌ಮೆಂಟ್' ಬಂತು. ಅದರಲ್ಲಿ ಮಾಡಿದ ಬದಲಾವಣೆ 'ಯೂಸಿಂಗ್' ಎಂದು ಬರೆದುಕೊಂಡ ಕಡೆ ಮಾತ್ರ ನಡೆಯುತ್ತದೆ.