ಎಲ್-ದಬ್, ಹಲೀಮ್

1921-2017. ಈಜಿಪ್ಟಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸಂಗೀತ ಸಂಯೋಜಕ, ದರಬುಕ್ಕಾ ವಾದಕ. ಕೈರೋದ ಕಾಪ್ಟಿಕ್ ಕ್ರೈಸ್ತ ಮನೆತನದವರು. ಓದಿದ್ದು ಕೃಷಿ ಎಂಜಿನಿಯರಿಂಗ್.

ಮುದ್ರಿಸಿದ ಶಬ್ದವನ್ನೇ ತಿದ್ದಿ ತೀಡಿ ಸಂಗೀತ ಕಟ್ಟುವ ಪದ್ಧತಿ 1948ರಲ್ಲಿ ಪ್ಯಾರಿಸಿನಲ್ಲಿ ಪಿಯರ್ ಶೆಫರರಿಂದ ಆರಂಭವಾಯಿತೆಂದು ಹಲವು ಗ್ರಂಥಗಳು ಹೇಳುತ್ತ ಬಂದಿವೆ. ಎಲ್-ದಬ್ 1944ರಲ್ಲೇ ಕೈರೋದ ರೇಡಿಯೊ ಕೇಂದ್ರವೊಂದರಿಂದ ತಂತಿ ರೆಕಾರ್ಡರನ್ನು ಕಡ ತಂದು ಝಾರ್ ಆಚರಣೆಯ ಹಾಡನ್ನು ಮುದ್ರಿಸಿಕೊಂಡಿದ್ದರು. ಮೈಮೇಲೆ ಬಂದದ್ದನ್ನು ಶಾಂತಗೊಳಿಸಲು ಹೆಂಗಸರು ನಡೆಸುವ ಆಚರಣೆ ಇದು. ಮುದ್ರಿಕೆಯನ್ನು ಅದೇ ಕೇಂದ್ರದ ಸ್ಟುಡಿಯೊಗೆ ಒಯ್ದು ಮೂಲನಾದವನ್ನು ಅಡಗಿಸಿ ಮೇಲಿನ ಉಪಸ್ವರಗಳನ್ನು ಎತ್ತಿ ಹಿಡಿದರು. ಸರಿಸಬಲ್ಲ ಗೋಡೆಗಳಿಂದ ಅನುರಣನವನ್ನು ಹೆಚ್ಚು ಕಡಿಮೆ ಮಾಡಿ ಮತ್ತೆ ಮುದ್ರಿಸಿದರು. ಕೃತಿಯನ್ನು ಅದೇ ವರ್ಷ ಕೈರೋದ ಕಲಾ ಗ್ಯಾಲರಿಯೊಂದರಲ್ಲಿ ಕೇಳಿಸಲಾಯಿತು.

ತಾರೀಖನ್ನಷ್ಟೇ ನೋಡಿದರೆ ಕೈರೋ ಮುಂದು. ಆದರೆ ಇಂದು ಕೇಳಸಿಗುವುದು ‘ವೈರ್ ರೆಕಾರ್ಡರ್ ಪೀಸ್’ ಎಂಬ ಸುಮಾರು 2 ನಿಮಿಷದ ಭಾಗ, ಅದು ಸಿ.ಡಿ.ಯಾಗಿ ಹೊರಬರುವಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಶೆಫರರ ರಚನೆಗಳಾದರೋ ಹುಟ್ಟಿದ ವರ್ಷವೇ ಫ್ರೆಂಚ್ ರೇಡಿಯೊದಲ್ಲಿ ಬಿತ್ತರವಾದವು. ಅವರು ಸಿದ್ಧಾಂತ ಬರೆದರು, ಅವರ ಸುತ್ತ ಒಂದು ಪಂಥವೇ ಬೆಳೆಯಿತು. ಮೊದಲು ಮಾಡಿದವರು ಯಾರು, ಪರಂಪರೆ ಯಾರಿಂದ ಬೆಳೆಯಿತು ಎಂಬ ಎರಡು ಪ್ರಶ್ನೆಗಳನ್ನು ಬೆರೆಸಿದ್ದರಿಂದಲೇ ವಾದ ಇಷ್ಟು ಬೆಳೆದಿದೆ. ಇಬ್ಬರ ರಚನೆಗಳನ್ನೂ ‘ಟೇಪ್ ಸಂಗೀತ’ ಎನ್ನುವ ರೂಢಿಯೂ ಸರಿಯಲ್ಲ: ಕೈರೋದಲ್ಲಿ ಬಳಸಿದ್ದು ಉಕ್ಕಿನ ತಂತಿ, 1948ರ ಪ್ಯಾರಿಸಿನಲ್ಲಿ ಗ್ರಾಮಫೋನ್ ತಟ್ಟೆ.

ಎಲ್-ದಬ್ 1950ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋದರು. ಅರ್ನ್ಸ್ಟ್ ಕ್ರೆನೆಕ್, ಏರನ್ ಕೋಪ್ಲಂಡ್ ಮೊದಲಾದವರಲ್ಲಿ ಕಲಿತರು. 1958 ಅವರ ಹೆಸರು ಹಬ್ಬಿದ ವರ್ಷ: ಮಾರ್ಥಾ ಗ್ರಹಾಮರ ‘ಕ್ಲೈಟೆಮ್ನೆಸ್ಟ್ರಾ’ ನೃತ್ಯನಾಟಕಕ್ಕೆ ಅವರದೇ ಸಂಗೀತ, ಲಿಯೋಪೋಲ್ಡ್ ಸ್ಟೊಕೊವ್‌ಸ್ಕಿ ನಡೆಸಿದ ನ್ಯೂಯಾರ್ಕ್ ಕಛೇರಿಯಲ್ಲಿ, ದರಬುಕ್ಕಾ ಮತ್ತು ತಂತಿವಾದ್ಯಗಳಿಗೆಂದು ತಾವೇ ರಚಿಸಿದ ಕೃತಿಗೆ ದರಬುಕ್ಕಾ ನುಡಿಸಿದರು. ಹೂಜಿಯಾಕಾರದ, ಒಂದೇ ಮುಖದ ಈ ಬೀದಿವಾದ್ಯ ಸಿಂಫನಿ ವೇದಿಕೆಯಲ್ಲಿ ಮುಖ್ಯ ವಾದ್ಯವಾದದ್ದು ಆಗ ಹೊಸತು.

1959ರಿಂದ ಕೊಲಂಬಿಯಾ-ಪ್ರಿನ್ಸ್‌ಟನ್ ಎಲೆಕ್ಟ್ರಾನಿಕ್ ಸಂಗೀತ ಕೇಂದ್ರದಲ್ಲಿ ಕೆಲಸ. ಲೈಲಾ-ಮಜ್ನೂ ಕಥೆಯನ್ನು ಆಧರಿಸಿದ ‘ಲೈಲಾ ಆ್ಯಂಡ್ ದ ಪೊಯೆಟ್’ ಅಲ್ಲಿಯದು. 1964ರ ಎಲ್‌ಪಿಯಲ್ಲಿ ಪ್ರಕಟವಾಯಿತು. ಮಾತು, ಕೊಳಲು, ತಾಳವಾದ್ಯ, ಯಂತ್ರನಾದಗಳು ಅದರಲ್ಲಿ ಬೆರೆತಿವೆ. ಅವರ ವಾದನವನ್ನೂ ಎಲೆಕ್ಟ್ರಾನಿಕ್ ರಚನೆಗಳನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿಡುವ ಪುಸ್ತಕಗಳಲ್ಲಿ ಈ ಕೃತಿಗೆ ಸರಿಯಾದ ಜಾಗ ಸಿಗುವುದು ಕಷ್ಟ.

ಮುಂದೆ ಅಡಿಸ್ ಅಬಾಬ, ಹೋವರ್ಡ್ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪನ. 1969ರಿಂದ 1991ರವರೆಗೆ ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. 2017ರ ಸೆಪ್ಟೆಂಬರ್ 2ರಂದು ಕೆಂಟ್‌ನಲ್ಲೇ ನಿಧನರಾದರು.